ಮೃದಂಗವನ್ನು ಕಲಿಯಬಂದ ಅಮೇರಿಕದ ಪಂಡಿತರು

ಕಛೇರಿಯಲ್ಲಿ ತನಿ ಆವರ್ತನವು ಆರಂಭವಾದೊಡನೆ ನಮ್ಮ ರಸಿಕರಲ್ಲಿ ಅನೇಕರು ಕಾಫಿಯ ನೆವದಿಂದ ಎದ್ದುಹೋಗುವ ಪದ್ಧತಿಯನ್ನು ವಾಚಕರು ಬಲ್ಲರು. ಹಾಗೆ ಅವರು ಬಿಟ್ಟುಹೋಗುವ ವಿದ್ಯೆಗಾಗಿಯೇ ಸಮುದ್ರವನ್ನು ದಾಟಿ ಮದರಾಸಿಗೆ ಬಂದು ನೆಲದ ಮೇಲೆ ಕುಳಿತ ವಿದ್ವಾಂಸರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳಲಿಚ್ಛಿಸುತ್ತೇವೆ. ಅವರೇ ರಾಬರ್ಟ್ ಎಡ್ವರ್ಡ್ ಬ್ರೌನರು.

1927ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದ ಬ್ರೌನರು ಮೊದಲು ಅಭ್ಯಾಸ ಮಾಡಿದ್ದು ಪಿಯಾನೋ ವಾದ್ಯವನ್ನು. ತರುವಾಯ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಮ್ಯಾಂಟಲ್ ಹುಡ್ಡರ ಶಿಷ್ಯರಾದರು. ಪರದೇಶದ ಸಂಗೀತವನ್ನು ಕುರಿತು ಬರೆಯುವವನು ಮೊದಲು ಅದನ್ನು ಹಾಡಲೂ ನುಡಿಸಲೂ ಕಲಿಯತಕ್ಕದ್ದೆಂಬುದು ಹುಡ್ಡರ ಮತ. ನಮ್ಮ ಗುರುಕುಲಗಳಿಗೆ ಇದೇನು ಹೊಸತಲ್ಲ; ಆದರೆ ಗ್ರಂಥಭಂಡಾರದಲ್ಲಿ ಕುಳಿತು ಅನ್ಯರ ಕಲೆಗೆ ಬೆಲೆ ಕಟ್ಟುತ್ತಿದ್ದ ಪಾಶ್ಚಾತ್ಯ ಪಂಡಿತವರ್ಗಕ್ಕೆ ಇದು ನುಂಗಲಾರದ ತುತ್ತಾಗಿದ್ದಿತು.

1950ರ ದಶಕದ ಉತ್ತರಾರ್ಧದಲ್ಲಿ ಮದರಾಸಿಗೆ ಬಂದ ಬ್ರೌನರು ಗುರುಗಳಾಗಿ ವರಿಸಿದ್ದು ಟಿ. ರಂಗನಾಥನ್ ರವರನ್ನು. ಇವರು ವೀಣೆ ಧನಮ್ಮಾಳ್ ರವರ ಮೊಮ್ಮಗ, ನರ್ತನಕಲಾವಿದೆ ಬಾಲಸರಸ್ವತಿಯವರ ಸೋದರ, ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಶಿಷ್ಯ. ಸಂಗೀತವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಇಂತಹ ಮನೆತನಗಳನ್ನು ನಮ್ಮ ಸಭ್ಯ ಸಮಾಜವು ಯಾವ ದೃಷ್ಟಿಯಿಂದ ಕಾಣುತ್ತಿದ್ದಿತೆಂಬುದನ್ನು ನೆನೆದರೆ ನಮಗೆ ಲಜ್ಜೆಯುಂಟಾಗುತ್ತದೆ. ಪಳನಿಯವರಂತಹ ಮಹಾವಿದ್ವಾಂಸರು ಸಹ, ಎಡಗೈ ವಾದಕರೆಂಬ ಒಂದೇ ಕಾರಣದಿಂದ, ವೇದಿಕೆಯ ಕ್ರಮ ಕೆಡುವುದೆನ್ನುವವರ ತಾತ್ಸಾರವನ್ನು ಮೊದಮೊದಲು ಸಹಿಸಬೇಕಾಯಿತು.

ಮೃದಂಗಪಾಠದಲ್ಲಿ ವಯಸ್ಸಿಗಾಗಲಿ ಪದವಿಗಾಗಲಿ ರಿಯಾಯಿತಿಯಿಲ್ಲ. ತ, ದಿ, ತೊಂ, ನಂ ಎಂಬ ನಾಲ್ಕು ಪಾಟಾಕ್ಷರಗಳನ್ನು ಮೂರು ಕಾಲಗಳಲ್ಲಿ ಬೆರಳು ನೋಯುವವರೆಗೆ ಸಾಧಿಸಬೇಕು. ಬಾಯಲ್ಲಿ ಜತಿ, ಕೈಯಲ್ಲಿ ತಾಳ ನಿಲ್ಲದೆ ವಾದ್ಯವನ್ನು ಮುಟ್ಟಿ ಫಲವಿಲ್ಲ. ಎಡದ ಮುಚ್ಚಿಗೆಗೆ ರವೆಯ ಕಣಕವನ್ನು ಎಷ್ಟು ಹಚ್ಚಬೇಕು, ಬಲದ ಕರಣೆ ಯಾವಾಗ ನಾದವನ್ನು ಕೊಡುತ್ತದೆ, ಇವೆಲ್ಲ ಪುಸ್ತಕದಿಂದ ದೊರೆಯುವ ಜ್ಞಾನವಲ್ಲ. ಬೆರಳೂ ಕಿವಿಯೂ ಕೂಡಿ ಕಲಿಯತಕ್ಕವು. ಈ ಶಿಕ್ಷಣದ ಫಲವೇ ದಕ್ಷಿಣ ಭಾರತದ ಮೃದಂಗವಾದನವನ್ನು ಕುರಿತು ಬ್ರೌನರು 1965ರಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧ.

ಆದರೆ ಪ್ರಬಂಧವನ್ನು ಬರೆದವರು ಬಹುಮಂದಿ. ಬ್ರೌನರ ಹಿರಿಮೆಯು ಬೇರೊಂದರಲ್ಲಿದೆ. 1961ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ಅವರು, ತಾವು ಕಲಿತುಬಂದುದನ್ನೇ ಬಡಿಸುತ್ತ ಗುರುವಿನ ಕೀರ್ತಿಯನ್ನು ತಾವೇ ಉಣ್ಣಲಿಲ್ಲ, ಗುರುವನ್ನೇ ಕರೆಯಿಸಿದರು. ಯಾವ ವಿಶ್ವವಿದ್ಯಾನಿಲಯದ ಪದವಿಯ ಬಲವೂ ಇಲ್ಲದೆ, ಕೇವಲ ತಮ್ಮ ವಿದ್ಯೆಯ ಬಲದಿಂದ ರಂಗನಾಥನ್ ರವರು 1963ರಲ್ಲಿ ಅಲ್ಲಿ ಆಚಾರ್ಯಸ್ಥಾನವನ್ನು ಅಲಂಕರಿಸಿದರು. ಹಾಡುಗಾರನ ಪಕ್ಕದಲ್ಲಿ ಕುಳಿತು, ಸಂಭಾವನೆಯಲ್ಲಿಯೂ ಹೆಸರಿನಲ್ಲಿಯೂ ಎರಡನೆಯವನಾಗಿರುತ್ತಿದ್ದ ಪಕ್ಕವಾದ್ಯಗಾರನಿಗೆ ದೊರೆತ ಈ ಗೌರವವು ಸಾಮಾನ್ಯವೆ? ಬ್ರೌನರು ವಿದ್ಯಾರ್ಥಿಗಳಿಗೆ ಭಾರತೀಯ ಭೋಜನವನ್ನಿಕ್ಕಿ ಸಂಗೀತವನ್ನು ಕೇಳಿಸುವ ಕೂಟಗಳನ್ನೂ ನಡೆಯಿಸುತ್ತಿದ್ದರು. ಮುಂದೆ ಭಾಗವತರೆಂದು ನಮ್ಮವರಿಂದಲೇ ಕರೆಯಿಸಿಕೊಂಡ ಜಾನ್ ಹಿಗ್ಗಿನ್ಸರು ಅವರ ವಿದ್ಯಾರ್ಥಿಗಳಲ್ಲೊಬ್ಬರು.

ಸರ್ವದೇಶಗಳ ಸಂಗೀತವನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವ ಈ ವ್ಯಾಸಂಗಕ್ಕೆ 'ವರ್ಲ್ಡ್ ಮ್ಯೂಸಿಕ್' ಎಂದು ಹೆಸರಿಟ್ಟವರು ಬ್ರೌನರೇ. 1987ರಲ್ಲಿ ಲಂಡನ್ನಿನ ಧ್ವನಿಮುದ್ರಿಕೆಯ ವರ್ತಕರು ಅದೇ ಹೆಸರನ್ನು ಅಂಗಡಿಯ ಚೀಟಿಯಾಗಿ ಮಾಡಿಕೊಂಡರು. ಪಂಕ್ತಿಯು ಹೋಗಿ ಪಾಶ್ಚಾತ್ಯರದಲ್ಲದ ಸಂಗೀತವೆಲ್ಲಕ್ಕೂ ಒಂದು ಮೂಲೆ ಉಳಿಯಿತು.

1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಆಕಾಶಕ್ಕೆ ಹೋದ ಸುವರ್ಣಮುದ್ರಿಕೆಯಲ್ಲಿ ಬ್ರೌನರು ಜಾವಾದ ಅರಮನೆಯೊಂದರಲ್ಲಿ ಮುದ್ರಿಸಿಕೊಂಡ ಗಮೆಲಾನ್ ವಾದ್ಯಗೋಷ್ಠಿಯಿದೆ. ಭಾರತದ ಪರವಾಗಿ ಕೇಸರಬಾಯಿ ಕೇರ್ಕರರ ಭೈರವಿಯನ್ನು ಆರಿಸಬೇಕೆಂದು ಸೂಚಿಸಿದವರೂ ಅವರೇ. ಆ ಗಾಯಕಿಯು ನೌಕೆಗಳು ಹೊರಟ ಕೆಲವೇ ದಿನಗಳಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ದಿವಂಗತರಾದರು.

ಬ್ರೌನರು 2005ರಲ್ಲಿ ತೀರಿಕೊಂಡರು. ಅವರ ಗುರುಗಳು 1987ರಲ್ಲಿಯೇ ಕಾಲವಶರಾಗಿದ್ದರು. ವೆಸ್ಲಿಯನ್ನಿನ ಮೃದಂಗಪಾಠವನ್ನು ತರುವಾಯ ರಂಗನಾಥನ್ ರವರ ಅಮೇರಿಕನ್ ಶಿಷ್ಯರೊಬ್ಬರು ನಡೆಯಿಸಿದರು.