ಮನುಷ್ಯನ ರಕ್ತದ ರುಚಿ ಹತ್ತಿದರೆ ಚಿರತೆ ಬಿಡುವುದಿಲ್ಲವೇ? ಕೆನೆತ್ ಆಂಡರ್ಸನ್ ಕಂಡುಕೊಂಡ ಉತ್ತರ

ತುಮಕೂರಿನ ಸುತ್ತ ಎಲ್ಲಾದರೂ ಚಿರತೆ ಕಾಣಿಸಿಕೊಂಡರೆ ಸಾಕು, ಬಟವಾಡಿಯಿಂದ ಗುಬ್ಬಿ, ಕುಣಿಗಲ್‌ವರೆಗೂ ಮೊಬೈಲ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ. ಮನುಷ್ಯನ ರಕ್ತ ಉಪ್ಪು, ಒಮ್ಮೆ ರುಚಿ ಹತ್ತಿದರೆ ಚಿರತೆ ಬೇರೇನೂ ಮುಟ್ಟುವುದಿಲ್ಲ ಅಂತ. ಇದು ತಪ್ಪು. ಮೇಕೆ, ಜಿಂಕೆ, ಮನುಷ್ಯ ಎಲ್ಲರ ರಕ್ತದಲ್ಲೂ ಉಪ್ಪಿನಂಶ ಹೆಚ್ಚುಕಡಿಮೆ ಒಂದೇ. ಹಾಗಾದರೆ ಕೆಲವು ಪ್ರಾಣಿಗಳು ನರಭಕ್ಷಕ ಆಗುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬರನ್ನು ನಾವು ನೆನೆಯಬೇಕು.

ಕೆನೆತ್ ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಹೈದರಾಬಾದ್ ಹತ್ತಿರದ ಬೊಲಾರಂನಲ್ಲಿ. ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ಸ್ಕಾಟಿಷ್ ಕುಟುಂಬ. ಓದಿದ್ದು ಬೆಂಗಳೂರಿನಲ್ಲಿ. ಕಾನೂನು ಓದಲು ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ಬಂದರು. ಅಂಚೆ-ತಂತಿ ಇಲಾಖೆಯಲ್ಲಿ, ಆಮೇಲೆ ವಿಮಾನ ಕಾರ್ಖಾನೆಯಲ್ಲಿ ನೌಕರಿ. ಮನಸ್ಸೆಲ್ಲ ಕಾಡಿನಲ್ಲಿ. ಕನ್ನಡ, ತಮಿಳು ಎರಡೂ ಬರುತ್ತಿದ್ದರಿಂದ ಹಳ್ಳಿಯವರ ಜೊತೆ ನೇರವಾಗಿ ಮಾತಾಡುತ್ತಿದ್ದರು. ಅವರಿಗೆ ಕಾಡು ಕಲಿಸಿದವರಲ್ಲಿ ಬೈರ ಎಂಬ ಪೂಜಾರಿಯೂ ಒಬ್ಬ. ತಮಾಷೆಯೆಂದರೆ ಆತ ಕಳ್ಳಬೇಟೆಗಾರ!

ಅಧಿಕೃತ ಲೆಕ್ಕದಂತೆ 1939ರಿಂದ 1966ರ ನಡುವೆ ಅವರು ಹೊಡೆದ ನರಭಕ್ಷಕಗಳು 8 ಚಿರತೆ, 7 ಹುಲಿ. 1954ರಲ್ಲಿ ಬಂದ ಮೊದಲ ಪುಸ್ತಕದಲ್ಲೇ ನಮ್ಮ ದೇವರಾಯನದುರ್ಗದ ಹುಲಿಯೊಂದರ ಕಥೆ ಇದೆ. ಬಟವಾಡಿಯಿಂದ ಆ ಬೆಟ್ಟ ಎಷ್ಟು ದೂರ ಅಂತ ನಿಮಗೇ ಗೊತ್ತು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ ಅನುಭವಗಳನ್ನು ‘ಕಾಡಿನ ಕತೆಗಳು’ ಹೆಸರಿನಲ್ಲಿ ಕನ್ನಡಕ್ಕೆ ತಂದ ಮೇಲಂತೂ ಅವರು ಮನೆಮಾತಾದರು.

ಆಂಡರ್ಸನ್ ಹೊಡೆದು ಸುಮ್ಮನಾಗುತ್ತಿರಲಿಲ್ಲ. ಆ ಪ್ರಾಣಿ ಮನುಷ್ಯನ ತಂಟೆಗೆ ಬಂದದ್ದೇಕೆ ಎಂದು ಕಾರಣ ಹುಡುಕುತ್ತಿದ್ದರು. ಜವಳಗಿರಿಯ ಹೆಣ್ಣುಹುಲಿ ಸಂಗಾತಿಯನ್ನು ಕಳೆದುಕೊಂಡು, ತಾನೂ ಗುಂಡೇಟು ತಿಂದಿತ್ತು. ಬಹುಪಾಲು ನರಭಕ್ಷಕಗಳನ್ನು ಹುಟ್ಟುಹಾಕುವುದು ಮನುಷ್ಯ ಮಾಡಿದ ಗಾಯವೇ ಎಂಬುದು ಅವರು ಕಂಡುಕೊಂಡ ಸಂಗತಿ. ಕಾಲು ಊನವಾದ, ಕೋರೆಹಲ್ಲು ಮುರಿದ ಪ್ರಾಣಿಗೆ ಜಿಂಕೆ ಸಿಗುವುದಿಲ್ಲ. ನಾಯಿ, ಮೇಕೆ, ಕೊನೆಗೆ ಮನುಷ್ಯ ಸುಲಭ. ಹಾಗಂತ ದಾಳಿ ಮಾಡಿದ ಪ್ರತಿ ಚಿರತೆಗೂ ಗಾಯ ಇರಲೇಬೇಕು ಅಂತಲ್ಲ, ಅದನ್ನೂ ಹೇಳಿಬಿಡೋಣ.

ವಯಸ್ಸಾದಂತೆ ಅವರು ಬಂದೂಕು ಬದಿಗಿಟ್ಟು ಕ್ಯಾಮೆರಾ ಹಿಡಿದರು. ತೀರಿಕೊಂಡದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು.

ಬಂದೂಕಿನ ಕಾಲ ಮುಗಿಯಿತು, ಗಾಯದ ಕಾಲ ಮುಗಿಯಲಿಲ್ಲ. ಈಗ ಗಾಯ ಮಾಡುವುದು ಉರುಳು. ಬೈಕಿನ ಕ್ಲಚ್ ವೈರ್ ಸಾಕು. ಕಾಡುಹಂದಿಗೆ ಅಂತ ಬೇಲಿ ಸಂದಿಯಲ್ಲಿ ಕಟ್ಟುತ್ತಾರೆ, ಆದರೆ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಗೊತ್ತಾಗುತ್ತದೆಯೇ? ಆಫ್ರಿಕಾದಲ್ಲೂ ಇದೇ ಕಥೆ, ಜಿಂಕೆಗೆಂದು ಇಟ್ಟ ಉರುಳಿಗೆ ಸಿಂಹ, ಕಾಡುನಾಯಿ ಬೀಳುತ್ತವೆ, ಆನೆಮರಿಗಳ ಸೊಂಡಿಲು ತುಂಡಾಗುತ್ತದೆ. ಕರ್ನಾಟಕದ ಪತ್ರಿಕಾ ವರದಿಗಳನ್ನು ಆಧರಿಸಿದ ಒಂದು ಅಧ್ಯಯನದ ಪ್ರಕಾರ 2009–2020ರ ನಡುವೆ 113 ಚಿರತೆಗಳು ಉರುಳಿಗೆ ಸಿಕ್ಕವು, ಅರ್ಧಕ್ಕಿಂತ ಹೆಚ್ಚು ಸತ್ತವು.

ಸೊಂಟಕ್ಕೆ ಬಿದ್ದ ತಂತಿ ಎಳೆದಷ್ಟೂ ಬಿಗಿಯುತ್ತದೆ. ಒಳಗಿನ ಅಂಗಗಳು ನಜ್ಜಾಗುತ್ತವೆ. ಗಂಟೆಗಟ್ಟಲೆ ಒದ್ದಾಡಿ ಸ್ನಾಯು ಒಡೆದು, ಆ ವಿಷ ಕಿಡ್ನಿಗೆ ಹೋಗುತ್ತದೆ. ಬಿಡಿಸಿದ ಮೇಲೂ ಕೆಲವು ಸಾಯುವುದು ಇದಕ್ಕೇ. ತಂತಿ ಕಚ್ಚಿ ಹಲ್ಲು ಮುರಿದುಕೊಂಡು, ಕಾಲು ಕೊಳೆತು, ತಪ್ಪಿಸಿಕೊಂಡದ್ದು ಊರ ಅಂಚಿನಲ್ಲೇ ಉಳಿಯುತ್ತದೆ. ಅದರ ವಿಡಿಯೊವೇ ಆಮೇಲೆ ನಿಮಗೆ ಫಾರ್ವರ್ಡ್ ಆಗಿ ಬಂದರೂ ಬರಬಹುದು.

ಉರುಳು ಒಡ್ಡುವುದೂ ಕಾನೂನಿನಲ್ಲಿ ಬೇಟೆಯೇ. ಚಿರತೆ ಸಿಕ್ಕರೆ 3ರಿಂದ 7 ವರ್ಷ ಜೈಲು. ಸಿಕ್ಕಿಬಿದ್ದ ಪ್ರಾಣಿ ಕಂಡರೆ ತಂತಿ ಕತ್ತರಿಸಲು ಹೋಗಬೇಡಿ, ವಿಡಿಯೊಗೆ ಜನ ಸೇರಿಸಬೇಡಿ. ಗದ್ದಲಕ್ಕೆ ಅದು ಇನ್ನಷ್ಟು ಎಳೆದಾಡುತ್ತದೆ. ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.