565 ಮತಗಳಿಂದ ಸೋತು, ಮುಂದೆ ರಾಷ್ಟ್ರಪತಿಯಾದ ಕಾರ್ಮಿಕ ನಾಯಕ ವಿ.ವಿ. ಗಿರಿ

ಚುನಾವಣೆ ಬಂತೆಂದರೆ ಕಾರ್ಖಾನೆ ಗೇಟಿನ ಮುಂದೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಯಾರು ಗೆದ್ದರೂ ನಮ್ಮ ಪಾಳಿ ತಪ್ಪುವುದಿಲ್ಲ, ರಜೆ ಕೊಟ್ಟರೆ ಮನೆಯಲ್ಲಿ ಮಲಗೋಣ ಎಂಬ ಮಾತು. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರಲ್ಲಿ ಇದು ಇನ್ನೂ ಹೆಚ್ಚು. ಮತದಾರರ ಪಟ್ಟಿಯಲ್ಲಿ ಹೆಸರು ಊರಿನಲ್ಲಿರುತ್ತದೆ, ದುಡಿಮೆ ಮುಂಬೈಯಲ್ಲೋ ಪುಣೆಯಲ್ಲೋ ಇರುತ್ತದೆ. ಯೂನಿಯನ್ ಚಂದಾ ತಪ್ಪಿಸದವರೂ ಮತಗಟ್ಟೆಗೆ ಹೋಗುವುದನ್ನು ತಪ್ಪಿಸಿಬಿಡುತ್ತಾರೆ. ಇಂಥವರು ವರಾಹಗಿರಿ ವೆಂಕಟಗಿರಿ ಅವರ ಬದುಕನ್ನು ಒಮ್ಮೆ ನೋಡಬೇಕು.

ಗಿರಿ ಹುಟ್ಟಿದ್ದು 1894ರ ಆಗಸ್ಟ್ 10ರಂದು, ಇಂದಿನ ಒಡಿಶಾದ ಬೆರ್ಹಾಂಪುರದಲ್ಲಿ, ತೆಲುಗು ಕುಟುಂಬದಲ್ಲಿ. ಕಾನೂನು ಓದಲು 1913ರಲ್ಲಿ ಐರ್ಲೆಂಡಿನ ಡಬ್ಲಿನ್‌ಗೆ ಹೋದರು. ಆ ವರ್ಷವೇ ಅಲ್ಲಿನ ಮಾಲೀಕರು ಯೂನಿಯನ್ ಸೇರಿದ ಸಾವಿರಾರು ಕಾರ್ಮಿಕರನ್ನು ಗೇಟಿನಿಂದ ಹೊರಗಿಟ್ಟಿದ್ದರು. ಬಡವರ ಊರೊಂದು ತಿಂಗಳುಗಟ್ಟಲೆ ಉಪವಾಸ ಬಿದ್ದ ಕಾಲ ಅದು. 1916ರ ಈಸ್ಟರ್ ದಂಗೆಯ ಬಳಿಕ ಬ್ರಿಟಿಷರ ಅನುಮಾನಕ್ಕೆ ಗುರಿಯಾಗಿ ಗಿರಿ ಊರಿಗೆ ಮರಳಬೇಕಾಯಿತು. ಬರುವಾಗ ಕಾನೂನಿನ ಜತೆಗೆ ಕಾರ್ಮಿಕ ಸಂಘಟನೆಯ ಪಾಠವೂ ಅವರೊಂದಿಗೆ ಬಂತು.

ವಕೀಲಿಕೆ ಹೆಚ್ಚು ದಿನ ನಡೆಯಲಿಲ್ಲ. ಗಾಂಧೀಜಿಯ ಕರೆಗೆ ಓಗೊಟ್ಟು ಬಿಟ್ಟರು, ಜೈಲಿಗೂ ಹೋದರು. ಆಮೇಲೆ ಹಿಡಿದದ್ದು ರೈಲ್ವೆ ನೌಕರರ ಕೆಲಸ. ಬೆಂಗಾಲ್ ನಾಗ್ಪುರ ರೈಲ್ವೆಯಲ್ಲಿ ಯೂನಿಯನ್ ಕಟ್ಟಿದರು. 1920ರ ದಶಕದ ಕೊನೆಯಲ್ಲಿ ಖರಗ್‌ಪುರದ ವರ್ಕ್‌ಶಾಪಿನವರನ್ನು ಕೆಲಸದಿಂದ ತೆಗೆದಾಗ ನಡೆದ ಹೋರಾಟದ ಮುಂಚೂಣಿಯಲ್ಲಿದ್ದರು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಸ್ಥಾಪಕರಲ್ಲಿ ಒಬ್ಬರಾಗಿ ವರ್ಷಗಟ್ಟಲೆ ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಎಐಟಿಯುಸಿಗೆ ಎರಡು ಬಾರಿ ಅಧ್ಯಕ್ಷರಾದರು.

ಮತವಿಲ್ಲದ ದಿನಗಳು

ಇಂದು ನಮಗೆ ಸಲೀಸಾಗಿ ಸಿಕ್ಕಿರುವ ಮತ ಆಗಿನ ಕಾರ್ಮಿಕರಿಗೆ ಇರಲಿಲ್ಲ. ಮದ್ರಾಸಿನ ಬಿನ್ನಿ ಕಂಪನಿಯ ಮಿಲ್ ಕಾರ್ಮಿಕರ ಸಂಘ ಕಟ್ಟಿದ ಬಿ.ಪಿ. ವಾಡಿಯಾ ಮತ್ತು ಸಂಗಡಿಗರ ಮೇಲೆ ಕಂಪನಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತ್ತು. ಸಂಘ ಕಟ್ಟುವುದಕ್ಕೇ ಕಾನೂನಿನ ರಕ್ಷಣೆ ಇಲ್ಲದ ಕಾಲ. ಆ ರಕ್ಷಣೆ ಕೊಟ್ಟ 1926ರ ಟ್ರೇಡ್ ಯೂನಿಯನ್ ಕಾಯ್ದೆಗಾಗಿ ಕೇಂದ್ರ ಶಾಸನಸಭೆಯಲ್ಲಿ ದನಿ ಎತ್ತಿದವರು ಎನ್.ಎಂ. ಜೋಶಿ. ಮುಂಬೈಯ ಲೋವರ್ ಪರೇಲ್‌ನಲ್ಲಿ ಓಡಾಡುವವರಿಗೆ ಅವರ ಹೆಸರಿನ ರಸ್ತೆ ಗೊತ್ತು. ಜೋಶಿಯವರನ್ನು ಕಾರ್ಮಿಕರು ಆರಿಸಿ ಕಳಿಸಿರಲಿಲ್ಲ, ಸರ್ಕಾರವೇ ನಾಮಕರಣ ಮಾಡಿತ್ತು. ಮಿಲ್ಲಿನ ಜನರ ಪರವಾಗಿ ಮಾತಾಡುವವರು ಯಾರೆಂದು ತೀರ್ಮಾನಿಸುತ್ತಿದ್ದದ್ದು ವೈಸರಾಯ್ ಆಡಳಿತ! ಒಳ್ಳೆಯ ಮನುಷ್ಯ ಸಿಕ್ಕಿದ್ದು ಪುಣ್ಯ, ಅಷ್ಟೆ.

1937ರ ಪ್ರಾಂತೀಯ ಚುನಾವಣೆಯಲ್ಲಿ ಪಟ್ಟಿ ಸ್ವಲ್ಪ ಅಗಲವಾಯಿತು. ಆಗಲೂ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗೆ ಮಾತ್ರ ಮತ. ಮದ್ರಾಸ್ ವಿಧಾನಸಭೆಯ 215 ಸ್ಥಾನಗಳಲ್ಲಿ ಕಾರ್ಮಿಕರಿಗೆಂದು ಇಟ್ಟದ್ದು ಆರು. ಗಿರಿ ಕಾಂಗ್ರೆಸ್ಸಿನಿಂದ ನಿಂತದ್ದು ಬೊಬ್ಬಿಲಿಯ ರಾಜನ ಎದುರು. ರಾಜ ಬರೀ ಜಮೀನ್ದಾರನಲ್ಲ, ಜಸ್ಟಿಸ್ ಪಕ್ಷದ ನಾಯಕ, ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾಗಿದ್ದವನು. ಅಂಥವನನ್ನು ಅವನದೇ ನೆಲದಲ್ಲಿ ಗಿರಿ ಸೋಲಿಸಿದರು. ರಾಜಾಜಿ ಮಂತ್ರಿಮಂಡಲದಲ್ಲಿ ಕಾರ್ಮಿಕ ಮತ್ತು ಕೈಗಾರಿಕಾ ಸಚಿವರಾದರು.

ಸ್ವಾತಂತ್ರ್ಯದ ನಂತರ ಸಿಲೋನಿನಲ್ಲಿ ಹೈಕಮಿಷನರ್ ಆಗಿದ್ದು ಬಂದು, 1952ರಲ್ಲಿ ಪಾತಪಟ್ಟಣದಿಂದ ಲೋಕಸಭೆಗೆ ಆಯ್ಕೆಯಾದರು. ನೆಹರೂ ಸಂಪುಟದಲ್ಲಿ ಕಾರ್ಮಿಕ ಸಚಿವ ಸ್ಥಾನ ಸಿಕ್ಕಿತು. ವ್ಯಾಜ್ಯಗಳನ್ನು ಟ್ರಿಬ್ಯುನಲ್‌ಗೆ ತಳ್ಳುವ ಬದಲು ಮಾಲೀಕರೂ ಯೂನಿಯನ್ನೂ ಎದುರುಬದುರು ಕೂತು ಬಗೆಹರಿಸಿಕೊಳ್ಳಬೇಕು ಎಂಬುದು ಅವರ ನಿಲುವು. 1954ರಲ್ಲಿ ಬ್ಯಾಂಕ್ ನೌಕರರ ವೇತನದ ಬಗ್ಗೆ ಮೇಲ್ಮನವಿ ಟ್ರಿಬ್ಯುನಲ್ ಕೊಟ್ಟ ತೀರ್ಪನ್ನು ಸರ್ಕಾರ ತಿದ್ದಿ ಕಡಿಮೆ ಮಾಡಿತು. ಗಿರಿ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ಗಜೇಂದ್ರಗಡ್ಕರ್ ಆಯೋಗ ಕೂತು, 1955ರಲ್ಲಿ ನೌಕರರಿಗೆ ಸಾಕಷ್ಟು ಪರಿಹಾರ ಸಿಕ್ಕಿತು. ಸಚಿವಗಿರಿ ಬಿಟ್ಟುಕೊಟ್ಟ ಕಾರ್ಮಿಕ ಸಚಿವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ, ಓದುಗರೇ ಲೆಕ್ಕ ಹಾಕಲಿ.

ಪಾರ್ವತೀಪುರದ ಎಣಿಕೆ

1957ರಲ್ಲಿ ಗಿರಿ ಆಂಧ್ರದ ಪಾರ್ವತೀಪುರದಿಂದ ನಿಂತರು. ಅದು ದ್ವಿಸದಸ್ಯ ಕ್ಷೇತ್ರ. ಒಂದು ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲು, ಇನ್ನೊಂದು ಸಾಮಾನ್ಯ. ಪ್ರತಿ ಮತದಾರನಿಗೂ ಎರಡು ಮತ. ಎಣಿಕೆ ಮುಗಿದಾಗ ಬಿ. ಸತ್ಯನಾರಾಯಣ ದೊರ ಅವರಿಗೆ 1,26,792, ಡಿ. ಸೂರಿ ದೊರ ಅವರಿಗೆ 1,24,604, ಗಿರಿಯವರಿಗೆ 1,24,039 ಮತ ಬಂದಿದ್ದವು. ಮೊದಲಿಬ್ಬರೂ ಪರಿಶಿಷ್ಟ ಪಂಗಡದವರೇ. ಸತ್ಯನಾರಾಯಣ ದೊರ ಮೀಸಲು ಸ್ಥಾನ ಪಡೆದರು, ಉಳಿದವರಲ್ಲಿ ಹೆಚ್ಚು ಮತ ಪಡೆದ ಸೂರಿ ದೊರ ಸಾಮಾನ್ಯ ಸ್ಥಾನ ಗೆದ್ದರು. ಅಂತರ 565.

ಲಕ್ಷ ದಾಟಿದ ಎಣಿಕೆಯಲ್ಲಿ 565 ಎಂದರೆ ಒಂದು ಮಿಲ್ಲಿನ ಒಂದು ಪಾಳಿಯ ಜನ. ಗಿರಿ ನ್ಯಾಯಾಲಯಕ್ಕೆ ಹೋದರು. ಪಂಗಡದ ಅಭ್ಯರ್ಥಿ ಸಾಮಾನ್ಯ ಸ್ಥಾನ ಪಡೆಯುವುದು ಸರಿಯಲ್ಲ ಎಂಬುದು ಅವರ ವಾದ. ಬದುಕಿಡೀ ಕೆಳಗಿನವರ ಪರ ನಿಂತವರ ಬಾಯಲ್ಲಿ ಈ ವಾದ ಅಷ್ಟು ಚೆನ್ನಾಗಿ ಕಾಣುವುದಿಲ್ಲ ಎಂದೇ ಹೇಳಬೇಕು. ಸುಪ್ರೀಂ ಕೋರ್ಟ್ 1959ರಲ್ಲಿ ಅದನ್ನು ಒಪ್ಪಲಿಲ್ಲ. ಹೆಚ್ಚು ಮತ ಬಿದ್ದವನೇ ಗೆದ್ದವನು ಎಂಬುದು ಉಳಿಯಿತು. 1961ರಲ್ಲಿ ಸಂಸತ್ತು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಮಾಡಿತು.

ಸೋತ ಗಿರಿ ರಾಜ್ಯಪಾಲರಾದರು. ಉತ್ತರ ಪ್ರದೇಶ, ಕೇರಳ ಮುಗಿಸಿ 1965ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೆ ಬಂದರು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. 1967ರಲ್ಲಿ ಗಿರಿ ಉಪರಾಷ್ಟ್ರಪತಿಯಾದರು. 1969ರ ಮೇ 3ರಂದು ಜಾಕಿರ್ ಹುಸೇನ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು.

ಮುಂದಿನದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಕಥೆ. ಅದೇ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿದರು. ಪಕ್ಷದ ಅಧ್ಯಕ್ಷರು ಅದೇ ನಿಜಲಿಂಗಪ್ಪ. ಇಂದಿರಾ ಗಾಂಧಿ ಅವರಿಗೆ ಇದು ಇಷ್ಟವಿರಲಿಲ್ಲ. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಗಿರಿ ಸಹಿ ಹಾಕಿದರು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಮರುದಿನ ಹುದ್ದೆ ಬಿಟ್ಟು ಪಕ್ಷೇತರರಾಗಿ ಕಣಕ್ಕಿಳಿದರು.

ಮೊದಲ ಎಣಿಕೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮತಮೌಲ್ಯ ಬಂತು. ಗೆಲ್ಲಲು 4,18,169 ಬೇಕಿತ್ತು. ಯಾರೂ ಮುಟ್ಟಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿದಾಗ ಗಿರಿ 4,20,077ಕ್ಕೆ ಏರಿದರು, ರೆಡ್ಡಿ 4,05,427ರಲ್ಲಿ ನಿಂತರು. ಇಲ್ಲಿ ಮತ ಹಾಕಿದವರು ಶಾಸಕರು, ಸಂಸದರು, ನಿಜ. ಆದರೆ ಗಿರಿಗೆ ಬೆಂಬಲ ಕೊಟ್ಟ ಡಿಎಂಕೆ, ಕಮ್ಯುನಿಸ್ಟ್ ಶಾಸಕರನ್ನು ಸದನಕ್ಕೆ ಕಳಿಸಿದ್ದು ಎರಡು ವರ್ಷ ಹಿಂದೆಯೋ ಆರು ತಿಂಗಳ ಹಿಂದೆಯೋ ಮದ್ರಾಸ್, ಕೇರಳ, ಬಂಗಾಳದಲ್ಲಿ ಸಾಲಿನಲ್ಲಿ ನಿಂತ ಸಾಮಾನ್ಯ ಜನ. ಅವರಲ್ಲಿ ಮಿಲ್ಲಿನವರೂ ತೋಟದವರೂ ಇದ್ದರು. ಬ್ಯಾಲೆಟ್ ಮೇಲೆ ಮುದ್ರೆ ಒತ್ತುವಾಗ ರಾಷ್ಟ್ರಪತಿ ಯಾರೆಂಬುದು ಅವರ ತಲೆಯಲ್ಲಿ ಇದ್ದಿರಲಾರದು.

ಈ ಗೆಲುವೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ರಾಷ್ಟ್ರಪತಿಯಾಗಿದ್ದೇ ಗಿರಿ ಸಾಕ್ಷಿ ಹೇಳಿದರು, 1970ರಲ್ಲಿ ಅರ್ಜಿಗಳು ವಜಾ ಆದವು.

1974ರ ಮೇ ತಿಂಗಳಲ್ಲಿ ದೇಶದ ರೈಲುಗಳು ನಿಂತವು. ಗಿರಿ ಕಟ್ಟಿದ ಫೆಡರೇಷನ್ನಿಗೆ ಆಗ ಅಧ್ಯಕ್ಷ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮುಂಬೈಯ ಟ್ಯಾಕ್ಸಿ ಚಾಲಕರನ್ನು, ಪಾಲಿಕೆ ನೌಕರರನ್ನು ಸಂಘಟಿಸಿ, 1967ರಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಮತಪೆಟ್ಟಿಗೆಯಲ್ಲೇ ಸೋಲಿಸಿದವರು. ಸರ್ಕಾರ ಸಾವಿರಾರು ನೌಕರರನ್ನು ಜೈಲಿಗೆ ಹಾಕಿ ಮುಷ್ಕರ ಮುರಿಯಿತು. ರಾಷ್ಟ್ರಪತಿ ಭವನದಲ್ಲಿದ್ದ ಹಳೆಯ ರೈಲ್ವೆ ಯೂನಿಯನ್ ನಾಯಕರಿಗೆ ಸಂಪುಟದ ಸಲಹೆ ಮೀರುವ ಅಧಿಕಾರವಿರಲಿಲ್ಲ. ಅಧಿಕಾರವಿದ್ದದ್ದು ಚುನಾಯಿತ ಸರ್ಕಾರಕ್ಕೆ. ಮೂರು ವರ್ಷದ ನಂತರ, 1977ರ ಮಾರ್ಚಿನಲ್ಲಿ, ಆ ಸರ್ಕಾರವನ್ನು ಮತದಾರರು ಇಳಿಸಿದರು. ಜೈಲಿನಿಂದಲೇ ಸ್ಪರ್ಧಿಸಿದ್ದ ಫರ್ನಾಂಡಿಸ್ ಮುಜಫ್ಫರಪುರದಿಂದ ಗೆದ್ದು ಕೇಂದ್ರ ಸಚಿವರಾದರು.

ಗಿರಿ 1974ರ ಆಗಸ್ಟ್‌ನಲ್ಲಿ ನಿವೃತ್ತರಾದರು. ಮರುವರ್ಷ ಭಾರತ ರತ್ನ ಬಂತು. 1980ರ ಜೂನ್‌ನಲ್ಲಿ ಮದ್ರಾಸಿನಲ್ಲಿ ತೀರಿಕೊಂಡರು. ದೆಹಲಿ ಪಕ್ಕದ ನೋಯ್ಡಾದಲ್ಲಿರುವ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಈಗ ಅವರ ಹೆಸರಿದೆ.