ಪತ್ರಿಕಾಧೀಶ ಹುಗೆನ್‌ಬೆರ್ಗ್

ಹಿರೇಕೆರೂರಿನಂತಹ ತಾಲೂಕಾ ಸ್ಥಳದ ವಾಚಕನು ಬೆಳಗಿನ ಪತ್ರಿಕೆಯನ್ನು ಬಿಚ್ಚುವಾಗ, ಅದರೊಳಗಿನದನ್ನು ಬರೆದವರಾರು, ಬರೆಯಿಸಿದವರಾರು ಎಂದು ವಿಚಾರಿಸುವುದು ವಿರಳ. ಊರ ಪತ್ರಿಕೆಯು ಊರಿನದೇ ಎಂಬುದು ಸಹಜವಾದ ನಂಬಿಗೆ. ಈ ನಂಬಿಗೆಯನ್ನೇ ಬಂಡವಾಳವಾಗಿ ಮಾಡಿಕೊಂಡ ಜರ್ಮನಿಯ ಆಲ್ಫ್ರೆಡ್ ಹುಗೆನ್‌ಬೆರ್ಗನ ಚರಿತ್ರೆಯು ನಮ್ಮ ವಾಚಕರಿಗೂ ಅಪ್ರಸ್ತುತವಲ್ಲ.

1865ರಲ್ಲಿ ಹ್ಯಾನೋವರಿನಲ್ಲಿ ಜನಿಸಿದ ಈತನು ಕಾಯಿದೆಯನ್ನು ಓದಿ ಸರಕಾರಿ ಚಾಕರಿಗೆ ಸೇರಿದನು. 1891ರಲ್ಲಿ ಅಖಿಲ ಜರ್ಮನ್ ಸಂಘದ ಸ್ಥಾಪಕರಲ್ಲಿ ಒಬ್ಬನಾದನು. ಪೋಲರ ಸೀಮೆಯಲ್ಲಿ ಜರ್ಮನ್ ಒಕ್ಕಲುಗಳನ್ನು ನೆಲೆಗೊಳಿಸುವ ಪ್ರಶಿಯಾ ಸರಕಾರದ ಮಂಡಲಿಯಲ್ಲಿಯೂ ದುಡಿದನು. ಪರರ ನೆಲವನ್ನು ಕಸಿಯುವುದಕ್ಕೆ ದೇಶಭಕ್ತಿಯೆಂದು ಹೆಸರಿಡುವವರು ಎಲ್ಲ ಕಾಲಕ್ಕೂ ಇರುತ್ತಾರೆ; ಪರಾಧೀನತೆಯನ್ನು ಉಂಡು ಬಲ್ಲ ನಮಗೆ ಮಾತ್ರ ಆ ಹೆಸರು ಒಪ್ಪದು.

1909ರಿಂದ 1918ರ ವರೆಗೆ ಆತನು ತೋಪುಗಳ ತಯಾರಿಕೆಗೆ ಜಗತ್ಪ್ರಸಿದ್ಧವಾದ ಕ್ರುಪ್ ಕಾರಖಾನೆಯ ಆಡಳಿತದ ಮುಖ್ಯಸ್ಥನಾಗಿದ್ದನು. ಆಗಲೇ ಕಲ್ಲಿದ್ದಲು ಮತ್ತು ಉಕ್ಕಿನ ಧಣಿಗಳ ಹಣವನ್ನು ಒಂದೆಡೆ ಕೂಡಿಸಿ, 1916ರಲ್ಲಿ ಬರ್ಲಿನ್ನಿನ ಶೆರ್ಲ್ ಪ್ರಕಾಶನ ಸಂಸ್ಥೆಯನ್ನು ವಶಪಡಿಸಿಕೊಂಡನು. ಒಂದು ತಂತಿ ವಾರ್ತಾಸಂಸ್ಥೆ, ಜಾಹೀರಾತಿನ ಒಂದು ಕಂಪನಿ ಕೈಸೇರಿದವು. 1927ರಲ್ಲಿ ಊಫಾ ಎಂಬ ಮಹಾ ಚಲಚ್ಚಿತ್ರ ಸಂಸ್ಥೆಯೂ ಬಂದಿತು. ಆದರೆ ಆತನ ನಿಜವಾದ ಚಾತುರ್ಯವು ಕಂಡುಬರುವುದು ಸಣ್ಣ ಪಟ್ಟಣಗಳಲ್ಲಿ. ಹಣದುಬ್ಬರದಿಂದ ಬಸವಳಿದ ಗ್ರಾಮಾಂತರ ಪತ್ರಿಕೆಗಳಿಗೆ ಸಾಲವನ್ನೂ, ಸುದ್ದಿಯನ್ನೂ, ಸೀಸ ಹೊಯ್ದೊಡನೆ ಪುಟವಾಗುವ ಸಿದ್ಧ ಅಚ್ಚುಗಳನ್ನೂ ಆತನ ಸಂಸ್ಥೆಗಳು ಒದಗಿಸಿದವು. ಪತ್ರಿಕೆಯ ಹೆಸರು ಊರಿನದು, ಸಂಪಾದಕನು ಊರಿನವನು, ಅಭಿಪ್ರಾಯವು ಮಾತ್ರ ಬರ್ಲಿನ್ನಿನದು! ಓದುಗನಿಗೆ ಇದರ ಸುಳಿವೂ ಇರಲಿಲ್ಲ.

1928ರ ಅಕ್ಟೋಬರದಲ್ಲಿ ಜರ್ಮನ್ ರಾಷ್ಟ್ರೀಯ ಜನತಾ ಪಕ್ಷದ ಅಧ್ಯಕ್ಷನಾದ ಮೇಲೆ ಆತನ ಹಟಕ್ಕೆ ಮೇರೆಯಿಲ್ಲವಾಯಿತು. ಯುದ್ಧಪರಿಹಾರದ ಯಂಗ್ ಯೋಜನೆಯ ವಿರುದ್ಧ 1929ರಲ್ಲಿ ಜನಮತ ಎತ್ತಿಸಿದನು; ಅದಕ್ಕಾಗಿ ಹಿಟ್ಲರನನ್ನು ಜೊತೆಗೆ ಕರೆದುಕೊಂಡನು. ಬಿದ್ದ ಮತಗಳು ಮತದಾರರಲ್ಲಿ ಶೇಕಡಾ 14ರಷ್ಟೂ ಆಗಲಿಲ್ಲ. ಸೋತವನು ಹುಗೆನ್‌ಬೆರ್ಗ್, ಮನೆಮನೆಗೆ ಪರಿಚಿತನಾದವನು ಹಿಟ್ಲರ್. ಪಕ್ಷದೊಳಗಿನ ಸೌಮ್ಯರು ಬೇಸತ್ತು ಹೊರಬಿದ್ದರು. 1928ರಲ್ಲಿ 73 ಇದ್ದ ಪಕ್ಷದ ಸ್ಥಾನಗಳು 1930ರಲ್ಲಿ 41ಕ್ಕೆ ಇಳಿದವು; ನಾಜಿಗಳ 12 ಸ್ಥಾನಗಳು 107ಕ್ಕೆ ಏರಿದವು. ಇಷ್ಟಾದರೂ ಆತನ ಕಣ್ಣು ತೆರೆಯಲಿಲ್ಲ. 1931ರಲ್ಲಿ ಹಾರ್ತ್ಸ್‌ಬುರ್ಗಿನಲ್ಲಿ ಮತ್ತೆ ಅದೇ ಮೈತ್ರಿಯ ಮೆರವಣಿಗೆ.

1933ರ ಜನವರಿ 30ರಂದು ರಚಿತವಾದ ಹಿಟ್ಲರನ ಮಂತ್ರಿಮಂಡಲದಲ್ಲಿ ನಾಜಿಗಳು ಮೂವರೇ. ಅರ್ಥ ಮತ್ತು ಕೃಷಿ ಖಾತೆಗಳೆರಡನ್ನೂ ಹಿಡಿದ ಹುಗೆನ್‌ಬೆರ್ಗನು ಕಡಿವಾಣವು ತನ್ನ ಕೈಯಲ್ಲಿದೆಯೆಂದು ಭಾವಿಸಿದನು. ಮಾರ್ಚಿಯಲ್ಲಿ ಸರ್ವಾಧಿಕಾರವನ್ನಿತ್ತ ಕಾಯಿದೆಗೆ ಆತನ ಪಕ್ಷವೂ ಕೈಯೆತ್ತಿತು. ಜೂನದಲ್ಲಿ ಲಂಡನ್ ಆರ್ಥಿಕ ಪರಿಷತ್ತಿಗೆ ಹೋಗಿ, ಕಳೆದುಹೋದ ವಸಾಹತುಗಳನ್ನು ಮರಳಿ ಕೇಳಿ ಸ್ವಂತ ಸರಕಾರವನ್ನೇ ಮುಜುಗರಕ್ಕೀಡುಮಾಡಿದನು. ಅದೇ ತಿಂಗಳ ಕೊನೆಗೆ ಮಂತ್ರಿಪದವೂ ಹೋಯಿತು, ಪಕ್ಷವೂ ವಿಸರ್ಜಿತವಾಯಿತು. ಐದು ತಿಂಗಳೂ ತುಂಬಿರಲಿಲ್ಲ.

ಮುಂದೆ ಊಫಾ ಸಂಸ್ಥೆಯನ್ನು 1937ರಲ್ಲಿ ನಾಜಿ ಸರಕಾರಕ್ಕೇ ಮಾರಬೇಕಾಯಿತು. ಯುದ್ಧಾನಂತರ ಬ್ರಿಟಿಷರು ಆತನನ್ನು ಸೆರೆಯಲ್ಲಿಟ್ಟರು. ಆದರೆ ನಾಜಿಗಳ ವಿಚಾರಣೆಗೆ ನಿಯಮಿತವಾದ ಮಂಡಲಿಯು 1949ರಲ್ಲಿ ಆತನನ್ನು ಕೇವಲ ಹಿಂಬಾಲಕನೆಂದು ಎಣಿಸಿತು. 1951ರ ಮಾರ್ಚಿ 12ರಂದು, 85ನೆಯ ವಯಸ್ಸಿನಲ್ಲಿ, ಆತನು ತನ್ನ ಜಮೀನಿನ ಸಮೀಪದಲ್ಲಿ ತೀರಿಕೊಂಡನು.